ಬೆಲೆ ತಿಳಿಯದ ಕಾರಿಗೆ ಸಂಚಕಾರ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆ ಆತುರಗಾರರನ್ನು ಗೇಲಿ ಮಾಡಲು ಹುಟ್ಟಿದ್ದು. ಆದರೆ ಇಂದಿನ ಮೋಟಾರು ಪೇಟೆಯಲ್ಲಿ ಅದು ಗೇಲಿಯ ಮಾತಾಗಿ ಉಳಿದಿಲ್ಲ, ವ್ಯಾಪಾರದ ರೂಢಿಯೇ ಆಗಿಬಿಟ್ಟಿದೆ. ಹೊಸ ಕಾರು ಮಳಿಗೆಗೆ ಬಂದಿರುವುದಿಲ್ಲ. ಅದನ್ನು ಓಡಿಸಿ ನೋಡಿದವರು ಇರುವುದಿಲ್ಲ. ಬೆಲೆ ಎಷ್ಟೆಂದು ಕಂಪನಿ ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ಅಷ್ಟರಲ್ಲಾಗಲೇ ಗಿರಾಕಿ ಮುಂಗಡ ಕಟ್ಟಿ ರಸೀದಿ ಪಡೆದಿರುತ್ತಾನೆ.

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಮಹದೇವಪುರದಂಥ ಪ್ರದೇಶ ಈ ರೂಢಿಗೆ ಹೇಳಿ ಮಾಡಿಸಿದ ನೆಲ. ಟಿನ್ ಫ್ಯಾಕ್ಟರಿ, ಗ್ರಾಫೈಟ್ ಇಂಡಿಯಾ ಎಂಬ ಹಳೆಯ ಕಾರ್ಖಾನೆಗಳ ಹೆಸರು ಹೊತ್ತ ನಿಲ್ದಾಣ, ವೃತ್ತಗಳ ಸುತ್ತ ಈಗ ಸಾಫ್ಟ್‌ವೇರ್ ಕಚೇರಿಗಳು ಎದ್ದು ನಿಂತಿವೆ. ಸಿಂಗಪುರದ ಸಹಯೋಗದಲ್ಲಿ 1994ರಲ್ಲಿ ಆರಂಭಗೊಂಡ ಐಟಿಪಿಎಲ್ ಇಲ್ಲಿದೆ. 1996ರಲ್ಲಿ ಬೆಂಗಳೂರಿಗೆ ಬಂದ ಮರ್ಸಿಡಿಸ್ ಬೆಂಜ್ ಸಂಸ್ಥೆಯ ಸಂಶೋಧನಾ ಕೇಂದ್ರವೂ ವೈಟ್‌ಫೀಲ್ಡ್ ಭಾಗದಲ್ಲಿದೆ. ಹಳೆ ಮದರಾಸು ರಸ್ತೆ ಹಿಡಿದು ಮುಂದೆ ಸಾಗಿದರೆ ಹೊಸಕೋಟೆಯ ಬಳಿ ವೋಲ್ವೊ ಕಾರುಗಳ ಜೋಡಣೆ 2017ರಿಂದ ನಡೆದಿದೆ. ಐಷಾರಾಮಿ ಕಾರಿನ ಮಿದುಳು ರೂಪುಗೊಳ್ಳುವುದೂ ಬಿಡಿಭಾಗ ಜೋಡಣೆಯಾಗುವುದೂ ಕೊನೆಗೆ ಅದೇ ಕಾರು ವಾಹನ ದಟ್ಟಣೆಯಲ್ಲಿ ಸಿಕ್ಕಿ ಆಮೆಯಂತೆ ತೆವಳುವುದೂ ಇದೇ ಸೀಮೆಯಲ್ಲಿ.

ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಚೌಕಾಶಿ ಮಾಡುವ ನಮ್ಮ ಜನ ಐವತ್ತು ಅರವತ್ತು ಲಕ್ಷದ ಕಾರಿಗೆ ಬೆಲೆ ತಿಳಿಯದೆ ಹಣ ಕಟ್ಟುವುದೇಕೆ? ಹೊಸ ಹಣದ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಪದ್ಧತಿಗೆ ತನ್ನದೇ ಆದ ಇತಿಹಾಸವಿದೆ. ಆ ಇತಿಹಾಸದ ಉದ್ದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಬೆಲೆ ಗೊತ್ತಿಲ್ಲದೆ ಕಟ್ಟಿದ ಹಣ ನಿಜವಾಗಿ ಕೊಳ್ಳುವುದು ಏನನ್ನು?

ಎರಡು ಅರ್ಥದ ಪದ

ಮುಂಗಡ ಹಣಕ್ಕೆ ಕನ್ನಡದಲ್ಲಿ ‘ಸಂಚಕಾರ’ ಎಂಬ ಹಳೆಯ ಪದವಿದೆ. ಸಂಸ್ಕೃತದ ‘ಸತ್ಯಂಕಾರ’ದ ತದ್ಭವ ಅದು. ಆಡಿದ ಮಾತನ್ನು ಸತ್ಯವಾಗಿಸಲು ಕೊಡುವ ಹಣ ಎಂಬುದು ಅದರ ಮೂಲ ಅರ್ಥ. ಇಂದು ಪತ್ರಿಕೆಗಳಲ್ಲಿ ‘ಜೀವಕ್ಕೆ ಸಂಚಕಾರ’ ಎಂದು ಓದುವಾಗ ಅದಕ್ಕೆ ಕುತ್ತು, ಕೇಡು ಎಂಬ ಅರ್ಥ. ಮುಂಗಡವೂ ಕುತ್ತೂ ಒಂದೇ ಪದದೊಳಗೆ ಸೇರಿಕೊಂಡಿರುವುದನ್ನು ಕಂಡರೆ ನಮ್ಮ ಹಿರಿಯರ ವ್ಯವಹಾರದ ಅನುಭವವೇ ಪದಕೋಶದೊಳಗೆ ಇಳಿದಂತೆ ತೋರುತ್ತದೆ.

ಆದರೂ ಹಿಂದಿನ ಸಂಚಕಾರಕ್ಕೆ ಒಂದು ಕ್ರಮವಿತ್ತು. ಹೊಲವಾಗಲಿ ಎತ್ತಿನ ಜೋಡಿಯಾಗಲಿ, ಮೊದಲು ಬೆಲೆ ಕುದುರಬೇಕು, ಆಮೇಲೆ ಸಂಚಕಾರ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ದಲ್ಲಾಳಿ ಟವೆಲಿನ ಮರೆಯಲ್ಲಿ ಕೈ ಹಿಡಿದು ಬೆರಳ ಸನ್ನೆಯಿಂದ ಬೆಲೆ ಹೇಳುವುದುಂಟು. ಸುತ್ತ ನಿಂತವರಿಗೆ ಆ ಬೆಲೆ ಗುಟ್ಟು. ಆದರೆ ಕೊಡುವವನಿಗೂ ಕೊಳ್ಳುವವನಿಗೂ ಅದು ಖಚಿತವಾಗಿ ಗೊತ್ತು. ಟವೆಲಿನ ಮರೆಯ ಬೆಲೆ ಕೊಳ್ಳುವವನಿಗೇ ತಿಳಿಯದಿದ್ದರೆ ಅದನ್ನು ಯಾವ ರೈತನೂ ವ್ಯಾಪಾರ ಎನ್ನುತ್ತಿರಲಿಲ್ಲ.

ಅರಮನೆಯ ಲೆಕ್ಕ

ಬೆಲೆ ಪೂರ್ತಿ ತಿಳಿಯದೆ ಕಾರಿಗೆ ಆದೇಶ ಕೊಡುವ ಪರಿಪಾಠ ಮೊದಲು ಕಾಣಿಸಿದ್ದು ಅರಮನೆಗಳಲ್ಲಿ. ಎರಡನೆಯ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಸಂಸ್ಥೆ ಮಾರುತ್ತಿದ್ದುದು ಎಂಜಿನ್ ಕೂಡಿದ ಚೌಕಟ್ಟನ್ನು ಮಾತ್ರ. ಅದರ ಮೇಲಿನ ಮೈಯನ್ನು ಬಾರ್ಕರ್, ಹೂಪರ್ ಮುಂತಾದ ಬೇರೆ ಸಂಸ್ಥೆಗಳು ಗಿರಾಕಿಯ ಇಚ್ಛೆಯಂತೆ ಕಟ್ಟಿಕೊಡುತ್ತಿದ್ದವು. ಮರ, ತೊಗಲು, ಬೆಳ್ಳಿಯ ಕುಸುರಿ, ದೀಪ ಎಲ್ಲವೂ ಆಯ್ಕೆಯ ಮೇಲೆ. ಹಾಗಾಗಿ ಆದೇಶ ಕೊಟ್ಟ ದಿನ ಒಟ್ಟು ಮೊತ್ತ ಯಾರಿಗೂ ನಿಖರವಾಗಿ ತಿಳಿಯುವಂತಿರಲಿಲ್ಲ.

ಮೈಸೂರಿನ ಮಹಾರಾಜರು ರೋಲ್ಸ್ ರಾಯ್ಸ್‌ಗಳನ್ನು ಏಳೇಳರಂತೆ ಕೊಳ್ಳುತ್ತಿದ್ದರೆಂದೂ, ಅದರಿಂದಾಗಿ ಆ ಕಂಪನಿಯಲ್ಲಿ ಸಗಟು ಖರೀದಿಗೆ ‘ಮೈಸೂರು ಮಾಡುವುದು’ ಎಂಬ ನುಡಿಯೇ ಹುಟ್ಟಿತೆಂದೂ ಮೋಟಾರು ಪ್ರಿಯರು ಹೇಳುತ್ತಾರೆ. ಈ ಮಾತಿಗೆ ದಂತಕಥೆಯ ಬಣ್ಣ ಹತ್ತಿದೆ. ಆದರೆ ಅದು ಸೂಚಿಸುವ ಸಂಗತಿ ಸ್ಪಷ್ಟ. ಅಲ್ಲಿ ಬೆಲೆ ತಿಳಿಯದಿರುವುದು ದೊಡ್ಡಸ್ತಿಕೆಯ ಗುರುತು. ಲೆಕ್ಕ ಎಷ್ಟೇ ಬಂದರೂ ತೀರಿಸುವ ಶಕ್ತಿ ಇದ್ದವನಿಗೆ ಮೊದಲೇ ಕೇಳುವ ಅಗತ್ಯವಿರಲಿಲ್ಲ.

ಸರದಿಯ ಕಾಲ

ಸ್ವಾತಂತ್ರ್ಯಾನಂತರ ಚಿತ್ರ ತಿರುವುಮುರುವಾಯಿತು. ಈಗ ಬೆಲೆ ತಿಳಿಯದಿರುವುದು ಸಿರಿವಂತಿಕೆಯ ಲಕ್ಷಣವಲ್ಲ, ಅಭಾವದ ಫಲ. ದೇಶದಲ್ಲಿ ಜನ ಕೊಳ್ಳಬಹುದಾದ ಕಾರುಗಳು ಹೆಚ್ಚೆಂದರೆ ಮೂರು: ಅಂಬಾಸಡರ್, ಫಿಯಟ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್. 1959ರಲ್ಲಿ ಕಾರುಗಳ ವಿತರಣೆ ಮತ್ತು ಮಾರಾಟವನ್ನು ಕೇಂದ್ರ ಸರ್ಕಾರ ನಿಯಂತ್ರಣ ಆಜ್ಞೆಯ ಅಡಿ ತಂದಿತು. ಮರುವರ್ಷ ಸ್ಕೂಟರುಗಳಿಗೂ ಅದೇ ಗತಿ ಬಂತು. ಹೆಸರು ನೋಂದಾಯಿಸಿ, ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಠೇವಣಿ ಇಟ್ಟು, ಸರದಿಗಾಗಿ ಕಾಯಬೇಕಿತ್ತು. ಸರ್ಕಾರಿ ಕೋಟಾ ಬೇರೆ. ದೂರವಾಣಿನಗರದ ಐಟಿಐ, ವಿಮಾನ ಕಾರ್ಖಾನೆ ಎಚ್‌ಎಎಲ್‌ಗಳ ನೌಕರ ವರ್ಗಕ್ಕೆ ಕಾರು ದೂರದ ಮಾತು. ಸ್ಕೂಟರಿಗೇ ವರ್ಷಗಟ್ಟಲೆ ಕಾಯುವ ದಿನಗಳವು.

ಹೀಗೆ ಕಾದವನು ತೆರಬೇಕಾದದ್ದು ನೋಂದಣಿಯ ದಿನದ ಬೆಲೆಯನ್ನಲ್ಲ, ವಾಹನ ಕೈಸೇರುವ ದಿನ ಚಾಲ್ತಿಯಲ್ಲಿರುವ ಬೆಲೆಯನ್ನು. ಆ ಬೆಲೆಯನ್ನು ತೀರ್ಮಾನಿಸುವುದೇ ಒಂದು ವ್ಯಾಜ್ಯವಾಗಿತ್ತು. 1969ರಲ್ಲಿ ಸರ್ಕಾರ ಕಾರುಗಳಿಗೆ ದರ ಗೊತ್ತುಮಾಡಿದಾಗ ತಯಾರಕರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನ್ಯಾಯವಾದ ಬೆಲೆ ಎಷ್ಟಿರಬೇಕೆಂದು ಪರಿಶೀಲಿಸಲು ಒಂದು ಆಯೋಗವೇ ಕೂರಬೇಕಾಯಿತು. ತೀರ್ಪು ಹೊರಬಿದ್ದದ್ದು 1971ರಲ್ಲಿ. ಒಂದು ಕಾರಿನ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹೇಳಲು ದೇಶದ ಅತ್ಯುಚ್ಚ ನ್ಯಾಯಾಲಯ ಬೇಕಾದ ಕಾಲದಲ್ಲಿ, ಸರದಿಯಲ್ಲಿ ನಿಂತ ಸಾಮಾನ್ಯನಿಗೆ ಅದು ಮೊದಲೇ ತಿಳಿಯುವ ಬಗೆ ಹೇಗೆ?

ಈ ವ್ಯವಸ್ಥೆಯ ಒಂದು ಅಂಶ ಮಾತ್ರ ಗಮನಾರ್ಹ. ಠೇವಣಿ ಇದ್ದದ್ದು ಅಂಚೆ ಕಚೇರಿಯಲ್ಲಿ. ತಯಾರಕನ ಬಂಡವಾಳವಾಗಿ ಅದು ಕರಗುವಂತಿರಲಿಲ್ಲ. ಕಾಯುವವನ ಕಾಲ ವ್ಯರ್ಥವಾದರೂ ಹಣ ಭದ್ರವಾಗಿತ್ತು.

ಮಾರುತಿ ಬಂದಾಗ ಈ ಲೆಕ್ಕ ಬದಲಾಯಿತು. 1983ರಲ್ಲಿ ಮಾರುತಿ ಉದ್ಯೋಗ್ ಸಂಸ್ಥೆ 10,000 ರೂಪಾಯಿ ಠೇವಣಿ ಪಡೆದು ಹೆಸರು ಬರೆದುಕೊಳ್ಳತೊಡಗಿದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ಮುಂದೆ ಬಂದರು. ಕಾರಿನ್ನೂ ಕಾರ್ಖಾನೆಯಿಂದ ಹೊರಬಿದ್ದಿರಲಿಲ್ಲ. ಮೊದಲ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದ್ದು ಆ ವರ್ಷದ ಡಿಸೆಂಬರ್ 14ರಂದು. ಸುಮಾರು 50 ಸಾವಿರ ರೂಪಾಯಿಯ ಕಾರಿಗೆ 10 ಸಾವಿರವೆಂದರೆ ಬೆಲೆಯ ಐದನೆಯ ಒಂದು ಪಾಲು. ಲಕ್ಷ ಜನರಿಂದ ಹತ್ತು ಸಾವಿರವೆಂದರೆ 100 ಕೋಟಿ. ಅಷ್ಟು ಹಣ ಕಾರು ತಯಾರಾಗುವ ಮೊದಲೇ ಕೂಡಿಬಂತು. ಗಿರಾಕಿ ಇಲ್ಲಿ ಕೊಳ್ಳುವವನಷ್ಟೇ ಅಲ್ಲ, ಸಾಲ ಕೊಡುವವನೂ ಆದ. ಸರದಿಯ ಜಾಗಕ್ಕೇ ಒಂದು ಬೆಲೆ ಹುಟ್ಟಿ, ಹೊಸ ಕಾರನ್ನು ಹೆಚ್ಚಿನ ಹಣಕ್ಕೆ ಕೈ ಬದಲಾಯಿಸುವ ದಂಧೆಯೂ ಬೆಳೆಯಿತು.

ಇದಕ್ಕೆ ಪೂರ್ಣ ವಿರುದ್ಧವಾದ ಉದಾಹರಣೆಯೂ ಉಂಟು. ಟಾಟಾ ನ್ಯಾನೊ ವಿಷಯದಲ್ಲಿ ಕಾರಿಗಿಂತ ಮೊದಲು ಬೆಲೆ ಹುಟ್ಟಿತು. ರತನ್ ಟಾಟಾ ಒಂದು ಲಕ್ಷ ರೂಪಾಯಿಯ ಕಾರಿನ ಮಾತಾಡಿದ್ದು 2003ರಲ್ಲಿ. ಕಾರು ಜನರ ಕಣ್ಣಿಗೆ ಬಿದ್ದದ್ದು 2008ರ ಜನವರಿಯಲ್ಲಿ. ಅದನ್ನು ಕಾಯ್ದಿರಿಸಿದ ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ಬೆಲೆ ಮೊದಲೇ ಗೊತ್ತಿತ್ತು, ಸರದಿ ಮಾತ್ರ ಗೊತ್ತಿರಲಿಲ್ಲ. ಅಗ್ಗದ ಕಾರಿನ ಆಕರ್ಷಣೆ ಬೆಲೆಯೇ. ಆದ್ದರಿಂದ ಅದನ್ನು ಮೊದಲು ಸಾರಬೇಕು. ಐಷಾರಾಮಿ ಕಾರಿನ ಆಕರ್ಷಣೆ ಬೇರೆ ಕಡೆ ಇದೆ. ಅಲ್ಲಿ ಬೆಲೆಯನ್ನು ಕೊನೆಗೆ ಹೇಳಿದರೂ ನಡೆಯುತ್ತದೆ.

ಒಂಬತ್ತು ವರ್ಷದ ಕಾಯುವಿಕೆ

1993ರಲ್ಲಿ ಕಾರು ಉದ್ಯಮ ಪರವಾನಗಿಯ ಕಟ್ಟಿನಿಂದ ಬಿಡುಗಡೆಗೊಂಡಿತು. ಬೆಂಗಳೂರಿನ ಸಿಪಾನಿ ಸಂಸ್ಥೆ ಬ್ರಿಟನ್ನಿನ ರೋವರ್ ಮಾಂಟೆಗೊ ಮಾರಿತು. 1995ರಿಂದ ಪುಣೆಯಲ್ಲಿ ಮರ್ಸಿಡಿಸ್ ತಯಾರಾಗತೊಡಗಿತು. ಹಣವಿದ್ದವನು ಕಾಯಬೇಕಾಗಿಲ್ಲದ ಕಾಲ ಬಂತೆಂದು ಎಲ್ಲರೂ ಭಾವಿಸಿದರು. ಆದರೆ ಸರದಿ ಹೊಸ ರೂಪದಲ್ಲಿ ಮರಳಿತು. ಈ ಬಾರಿ ಅದನ್ನು ಕರೆತಂದದ್ದು ಅಭಾವವಲ್ಲ, ಆಸೆ.

2016ರ ಮಾರ್ಚ್ 31ರಂದು ಅಮೆರಿಕದ ಟೆಸ್ಲಾ ಕಂಪನಿ ಮಾಡೆಲ್ 3 ಎಂಬ ವಿದ್ಯುತ್ ಕಾರನ್ನು ಅನಾವರಣಗೊಳಿಸಿತು. 1,000 ಡಾಲರ್ ಕಟ್ಟಿದರೆ ಜಾಗ ಕಾಯ್ದಿರಿಸಬಹುದಿತ್ತು. ಒಂದು ವಾರದಲ್ಲಿ ಜಗತ್ತಿನಾದ್ಯಂತ ಮೂರು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. ಭಾರತವನ್ನೂ ಪಟ್ಟಿಗೆ ಸೇರಿಸಿರುವುದಾಗಿ ಎಲಾನ್ ಮಸ್ಕ್ ತಿಳಿಸಿದ್ದರಿಂದ ಇಲ್ಲಿನವರೂ ಕೈಜೋಡಿಸಿದರು. ಅವರಲ್ಲಿ ಬೆಂಗಳೂರಿನ ತಂತ್ರಜ್ಞಾನ ಉದ್ಯಮಿಗಳೂ ಇದ್ದರು. ಆಗಿನ ವಿನಿಮಯ ದರದಲ್ಲಿ ಮುಂಗಡ ಸುಮಾರು 66 ಸಾವಿರ ರೂಪಾಯಿ.

ಅಮೆರಿಕದಲ್ಲಿ ಆರಂಭಿಕ ಬೆಲೆ 35,000 ಡಾಲರ್ ಎಂದು ಕಂಪನಿ ಹೇಳಿತ್ತು. ಭಾರತದ ಬೆಲೆಯನ್ನು ಹೇಳಿರಲಿಲ್ಲ. ಹೇಳುವುದು ಸುಲಭವೂ ಆಗಿರಲಿಲ್ಲ. ಪೂರ್ತಿ ತಯಾರಾಗಿ ಬರುವ ಕಾರಿನ ಮೇಲಿನ ಆಮದು ಸುಂಕ ಒಂದು ಗೆರೆಯ ಆಚೀಚೆ ಬೇರೆ ಬೇರೆ. 2021ರಲ್ಲಿದ್ದ ನಿಯಮದಂತೆ ಬಂದರು ತಲುಪುವ ಹೊತ್ತಿನ ಮೌಲ್ಯ 40,000 ಡಾಲರ್ ಒಳಗಿದ್ದರೆ ಶೇ 60, ಮೀರಿದರೆ ಶೇ 100. ಮೂವತ್ತೈದು ಸಾವಿರದ ಕಾರಿಗೆ ಒಂದೆರಡು ಹೆಚ್ಚುವರಿ ಸೌಲಭ್ಯ ಸೇರಿಸಿದರೆ, ಸಾಗಣೆಯ ಖರ್ಚು ಕೂಡಿದರೆ ಗೆರೆ ದಾಟುವುದು ಕಷ್ಟವೇನಲ್ಲ. ಇದೇ ಸುಂಕದ ಬಗ್ಗೆ ಮಸ್ಕ್ ಆ ವರ್ಷ ಬಹಿರಂಗವಾಗಿ ಆಕ್ಷೇಪ ಎತ್ತಿದರು.

ನಡುವೆ ಆಸೆ ಚಿಗುರಿದ್ದೂ ಉಂಟು. 2021ರ ಜನವರಿ 8ರಂದು ಟೆಸ್ಲಾದ ಭಾರತೀಯ ಅಂಗಸಂಸ್ಥೆ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅದನ್ನು ಸ್ವಾಗತಿಸಿದರು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ, ಕನಿಷ್ಠ 4,150 ಕೋಟಿ ರೂಪಾಯಿ ಹೂಡುವ ಕಂಪನಿಗಳಿಗೆ ಸೀಮಿತ ಸಂಖ್ಯೆಯ ವಿದ್ಯುತ್ ಕಾರುಗಳನ್ನು ಶೇ 15ರ ಸುಂಕದಲ್ಲಿ ತರುವ ಅವಕಾಶ ಪ್ರಕಟಿಸಿತು. ಮರುತಿಂಗಳು ನಿಗದಿಯಾಗಿದ್ದ ಮಸ್ಕ್ ಭೇಟಿ ಮುಂದಕ್ಕೆ ಹೋಯಿತು. ಕೊನೆಗೆ 2025ರ ಮೇ ತಿಂಗಳಲ್ಲಿ ಆರಂಭದ ಗಿರಾಕಿಗಳಿಗೆ ಕಂಪನಿಯಿಂದ ಬಂದದ್ದು ಕಾರಲ್ಲ, ಮುಂಗಡ ಹಿಂತಿರುಗಿಸುವ ಸಂದೇಶ. ಎರಡು ತಿಂಗಳ ನಂತರ, ಜುಲೈ 15ರಂದು ಮುಂಬೈಯಲ್ಲಿ ಮೊದಲ ಮಳಿಗೆ ತೆರೆಯಿತು. ಅಲ್ಲಿ ಮಾರಾಟಕ್ಕಿಟ್ಟದ್ದು ಇನ್ನೊಂದು ಕಾರು, ಮಾಡೆಲ್ ವೈ. ಬೆಲೆ 59.89 ಲಕ್ಷ ರೂಪಾಯಿಯಿಂದ ಆರಂಭ.

ಒಂಬತ್ತು ವರ್ಷ ಆ ಹಣ ಎಲ್ಲಿತ್ತು? ಮುಂಗಡವನ್ನು ಪ್ರತ್ಯೇಕ ಖಾತೆಯಲ್ಲಿ ಇಡುವುದಿಲ್ಲ, ಅದಕ್ಕೆ ಬಡ್ಡಿ ಕೊಡುವುದಿಲ್ಲ ಎಂದು ಕಂಪನಿಯ ಷರತ್ತಿನಲ್ಲೇ ಇತ್ತು. ಕಾಯ್ದಿರಿಸಿದವರು ಒಪ್ಪಿಯೇ ಸಹಿ ಹಾಕಿದ್ದರು. ಅಂಚೆ ಕಚೇರಿಯ ಪಾಸ್‌ಬುಕ್ಕಿನ ಕಾಲದೊಂದಿಗೆ ಇದನ್ನು ಹೋಲಿಸಿದರೆ ಅರ್ಧ ಶತಮಾನದಲ್ಲಿ ಸಂಚಕಾರ ಎಷ್ಟು ದೂರ ಸಾಗಿ ಬಂದಿದೆ ಎಂಬುದು ಅರಿವಾಗುತ್ತದೆ.

ಗುಟ್ಟಿನ ಉಪಯೋಗ

ಟೆಸ್ಲಾ ಪ್ರಕರಣದಲ್ಲಿ ಬೆಲೆ ನಿಜಕ್ಕೂ ಗೊತ್ತಿರಲಿಲ್ಲ ಎನ್ನಬಹುದು. ಉಳಿದ ಹಲವು ಪ್ರಕರಣಗಳಲ್ಲಿ ಮೌನ ಉದ್ದೇಶಪೂರ್ವಕ. ಕಿಯಾ ಕಂಪನಿ 2022ರ ಮೇ 26ರಂದು ತನ್ನ ಇವಿ6 ಕಾರಿಗೆ 3 ಲಕ್ಷ ರೂಪಾಯಿ ಮುಂಗಡ ಪಡೆಯತೊಡಗಿತು. ಬೆಲೆ ಪ್ರಕಟವಾದದ್ದು ಜೂನ್ 2ರಂದು, 59.95 ಲಕ್ಷದಿಂದ ಮೇಲಕ್ಕೆ. ಆ ವರ್ಷ ಭಾರತಕ್ಕೆಂದು ಇಟ್ಟಿದ್ದು 100 ಕಾರು, ಬೆಲೆ ತಿಳಿಯುವ ಮೊದಲೇ ಹಣ ಕಟ್ಟಿದ್ದವರು 355 ಮಂದಿ. ಹ್ಯುಂಡೈ ಕಂಪನಿ ಅಯಾನಿಕ್ 5 ಕಾರಿಗೆ 2022ರ ಡಿಸೆಂಬರ್‌ನಲ್ಲಿ 1 ಲಕ್ಷ ಮುಂಗಡ ಪಡೆದು, ಮರುವರ್ಷದ ಜನವರಿಯಲ್ಲಿ ಬೆಲೆ ಹೇಳಿತು. ಮೊದಲ 500 ಗಿರಾಕಿಗಳಿಗೆ 44.95 ಲಕ್ಷ. ಬೇಗ ಬಂದವರಿಗೆ ಲಾಭವಾದ ಉದಾಹರಣೆ ಇದು. ಮಾರುತಿಯ ಜಿಮ್ನಿ ಐಷಾರಾಮಿ ವರ್ಗದ್ದಲ್ಲದಿದ್ದರೂ ಅದಕ್ಕೂ ಇದೇ ದಾರಿ. 2023ರ ಜನವರಿಯಲ್ಲಿ ಕಾಯ್ದಿರಿಸುವಿಕೆ, ಜೂನ್ 7ಕ್ಕೆ ಬೆಲೆ.

ಬೆಂಗಳೂರಿನದೇ ಆದ ಓಲಾ ಎಲೆಕ್ಟ್ರಿಕ್ ಈ ತಂತ್ರವನ್ನು ಸ್ಕೂಟರಿಗೂ ಇಳಿಸಿತು. 2021ರ ಜುಲೈ 15ರಂದು 499 ರೂಪಾಯಿ ಮುಂಗಡ. ಒಂದು ದಿನದಲ್ಲಿ ಒಂದು ಲಕ್ಷ ಜನ ಕಾಯ್ದಿರಿಸಿದರೆಂದು ಕಂಪನಿ ಹೇಳಿಕೊಂಡಿತು. ಬೆಲೆ ಹೊರಬಿದ್ದದ್ದು ಸರಿಯಾಗಿ ತಿಂಗಳ ನಂತರ, ಸ್ವಾತಂತ್ರ್ಯ ದಿನದಂದು.

ಇದರಿಂದ ಕಂಪನಿಗೆ ಆಗುವ ಅನುಕೂಲ ಮೂರು ಬಗೆಯದು. ಎಷ್ಟು ಜನ, ಯಾವ ಊರಿನವರು, ಯಾವ ಮಾದರಿ ಬಯಸುತ್ತಾರೆಂಬುದು ಮೊದಲೇ ತಿಳಿಯುತ್ತದೆ. ಬೇಡಿಕೆ ಕಂಡ ಮೇಲೆ ಬೆಲೆಯನ್ನು ತುಸು ಏರಿಸುವ ಅಥವಾ ಇಳಿಸುವ ಸ್ವಾತಂತ್ರ್ಯ ಉಳಿಯುತ್ತದೆ. ಪ್ರತಿಸ್ಪರ್ಧಿಯ ಮಳಿಗೆಗೆ ಹೋಗಬಹುದಾಗಿದ್ದ ಗಿರಾಕಿ ಅಲ್ಲಿಗೆ ಹೋಗದೆ ಕಾಯುತ್ತಾನೆ. ಮುಂಗಡದ ಮೊತ್ತಕ್ಕಿಂತ ಈ ತಿಳಿವಳಿಕೆಯೇ ಹೆಚ್ಚು ಬೆಲೆಬಾಳುವಂಥದು. ಗಿರಾಕಿ ತನ್ನ ಆಸೆಯನ್ನು ಮೊದಲೇ ಹೇಳಿರುತ್ತಾನೆ, ಕಂಪನಿ ತನ್ನ ಬೆಲೆಯನ್ನು ಆಮೇಲೆ ಹೇಳುತ್ತದೆ. ಜಾತ್ರೆಯ ದಲ್ಲಾಳಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಸಿಕ್ಕುವುದಿಲ್ಲ.

ಕಾನೂನು ಮತ್ತು ತೆರಿಗೆ

ಬೆಲೆ ಗೊತ್ತಿಲ್ಲದ ವ್ಯಾಪಾರ ಕಾನೂನಿನ ಕಣ್ಣಿಗೆ ವ್ಯಾಪಾರವೇ? 1930ರ ಸರಕು ಮಾರಾಟ ಅಧಿನಿಯಮದ 9ನೆಯ ಕಲಮು ಇದನ್ನು ಯೋಚಿಸಿದೆ. ಬೆಲೆಯನ್ನು ಕರಾರಿನಲ್ಲೇ ಹೇಳಬಹುದು, ಮುಂದೆ ಗೊತ್ತುಮಾಡುವ ವಿಧಾನವನ್ನು ಒಪ್ಪಿಕೊಳ್ಳಬಹುದು, ಉಭಯತರ ನಡುವಿನ ವ್ಯವಹಾರದ ರೂಢಿಯಿಂದ ತೀರ್ಮಾನಿಸಬಹುದು. ಇವು ಯಾವುದೂ ಇಲ್ಲದಿದ್ದರೆ ಕೊಳ್ಳುವವನು ‘ಸಮಂಜಸ ಬೆಲೆ’ ಕೊಡಬೇಕು. ಆದರೆ ಇಂದಿನ ಕಾಯ್ದಿರಿಸುವ ಪತ್ರಗಳು ಈ ಕಲಮಿನವರೆಗೂ ಹೋಗುವುದಿಲ್ಲ. ಇದು ಮಾರಾಟವಲ್ಲ, ಜಾಗ ಹಿಡಿಯುವುದಷ್ಟೇ ಎಂದು ಅವು ಸಾಮಾನ್ಯವಾಗಿ ಮೊದಲೇ ಹೇಳಿಬಿಡುತ್ತವೆ. ಹಣ ಹಿಂದಕ್ಕೆ ಸಿಗುತ್ತದೆಯೇ, ಎಷ್ಟು ದಿನದಲ್ಲಿ, ಕಡಿತವೆಷ್ಟು ಎಂಬುದು ಆ ಪತ್ರದ ಸಣ್ಣ ಅಕ್ಷರಗಳಲ್ಲಿರುತ್ತದೆ. ಬೆಲೆ ಕೇಳಲಾಗದವನು ಇವನ್ನಾದರೂ ಕೇಳಬೇಕು.

ಬೆಲೆ ಪ್ರಕಟವಾದ ಮಾತ್ರಕ್ಕೆ ಗುಟ್ಟು ರಟ್ಟಾಯಿತೆಂದೂ ಅಲ್ಲ. ಕಂಪನಿ ಹೇಳುವುದು ಮಳಿಗೆಯ ಬೆಲೆ. ರಸ್ತೆಗಿಳಿಯುವ ಹೊತ್ತಿಗೆ ವಿಮೆ, ನೋಂದಣಿ, ರಾಜ್ಯದ ಜೀವಾವಧಿ ತೆರಿಗೆ ಸೇರಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲೆ ಈ ತೆರಿಗೆ ಶೇ 18ರವರೆಗೆ ಏರಿದೆ. 60 ಲಕ್ಷದ ಕಾರಿಗೆ 10 ಲಕ್ಷ 80 ಸಾವಿರ, ಅದರ ಮೇಲೆ ಉಪಕರ. ವಿದ್ಯುತ್ ವಾಹನಗಳಿಗೆ ರಾಜ್ಯದಲ್ಲಿ ವರ್ಷಗಳ ಕಾಲ ಪೂರ್ಣ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರ ತೆರಿಗೆ ಬಂತು. 2022ರಲ್ಲಿ ಇವಿ6 ಕೊಂಡ ಮಹದೇವಪುರದ ಗಿರಾಕಿ ಈ ತೆರಿಗೆ ಕಟ್ಟಬೇಕಾಗಿರಲಿಲ್ಲ. ಎರಡು ವರ್ಷ ತಡವಾಗಿ ಅಷ್ಟೇ ಬೆಲೆಯ ವಿದ್ಯುತ್ ಕಾರು ಕೊಂಡ ಪಕ್ಕದ ಮನೆಯವನು ಸುಮಾರು 6 ಲಕ್ಷ ತೆರಬೇಕಾಯಿತು. ಕಾಯುವವನಿಗೆ ಕಾಯುವ ಕಾಲವೇ ಬೆಲೆಯನ್ನು ಬದಲಿಸುತ್ತದೆ.

ಹಾಗಾದರೆ ಆ ಮುಂಗಡ ಕೊಂಡದ್ದು ಏನನ್ನು? ಕಾರನ್ನಂತೂ ಅಲ್ಲ. ಅದು ಕೊಂಡದ್ದು ಸರದಿಯಲ್ಲಿ ಒಂದು ಜಾಗವನ್ನು. ಅರಮನೆಯ ಕಾಲದಲ್ಲಿ ಆ ಜಾಗ ಹುಟ್ಟಿನಿಂದ ಬರುತ್ತಿತ್ತು, ನಿಯಂತ್ರಣದ ಕಾಲದಲ್ಲಿ ತಾಳ್ಮೆಯಿಂದ, ಈಗ ಕೈಫೋನಿನ ಮೇಲೆ ಬೆರಳಾಡಿಸುವ ವೇಗದಿಂದ. ಬೆಲೆ ಏರಿದರೆ, ತೆರಿಗೆ ಬದಲಾದರೆ, ಡಾಲರ್ ದುಬಾರಿಯಾದರೆ ಅದರ ಭಾರ ಹೊರುವವನು ಮಾತ್ರ ಆಗಲೂ ಈಗಲೂ ಸರದಿಯಲ್ಲಿ ನಿಂತವನೇ. ಸಿರಿವಂತನಿಗೆ ಇದು ಆಟವಿರಬಹುದು. ತಿಂಗಳ ಕಂತಿನ ಲೆಕ್ಕ ಹಾಕಿ ಕಾರು ಕೊಳ್ಳುವ ಸಂಬಳದಾರನಿಗೆ, 499 ರೂಪಾಯಿ ಕಟ್ಟಿ ಸ್ಕೂಟರಿಗೆ ಕಾದವನಿಗೆ ಹಾಗಲ್ಲ. ಬೆಲೆ ಮೊದಲು, ಸಂಚಕಾರ ಆಮೇಲೆ ಎಂದ ಜಾತ್ರೆಯ ರೈತನ ಕ್ರಮ ಹಳತಾಗಿರಬಹುದು, ಆದರೆ ಅದರ ಹಿಂದಿನ ಎಚ್ಚರ ಹಳತಾಗಿಲ್ಲ.